ಪ್ಯಾನೆಲ್ಲಿನೊಳಗಿನ 24 ವೋಲ್ಟ್

ಕಾರ್ಖಾನೆಯ ಯಂತ್ರದ ಪಕ್ಕದಲ್ಲಿ ನಿಂತಿರುವ ಬೂದುಬಣ್ಣದ ಉಕ್ಕಿನ ಬೀರುವನ್ನು ಆ ಕಸುಬಿನವರು ಕಂಟ್ರೋಲ್ ಪ್ಯಾನೆಲ್ ಎಂದೋ ಬರಿದೇ ಪ್ಯಾನೆಲ್ ಎಂದೋ ಕರೆಯುತ್ತಾರೆ. ಅದರ ಬಾಗಿಲು ತೆರೆದರೆ ಮೇಲಿನ ಸಾಲಿನಲ್ಲಿ, ಕರೆಂಟು ಮಿತಿಮೀರಿದರೆ ತಾವಾಗಿಯೇ ಕಡಿದುಕೊಳ್ಳುವ ಎಂಸಿಬಿ ಸ್ವಿಚ್ಚುಗಳ ಮಗ್ಗುಲಲ್ಲಿ, ಒಂದು ದಪ್ಪ ಪುಸ್ತಕದಷ್ಟು ಗಾತ್ರದ ಲೋಹದ ಡಬ್ಬಿ ಹಳಿಯೊಂದಕ್ಕೆ ಕಚ್ಚಿಕೊಂಡಿರುತ್ತದೆ. ಸೆಕೆಂಡಿಗೆ 50 ಆವರ್ತಗಳಲ್ಲಿ ಹಿಂದುಮುಂದಾಗಿ ಹರಿಯುವ 230 ವೋಲ್ಟಿನ ಪರ್ಯಾಯ ವಿದ್ಯುತ್ತನ್ನು ಪಡೆದು, ಅದನ್ನು ಒಂದೇ ದಿಕ್ಕಿಗೆ ಹರಿಯುವ 24 ವೋಲ್ಟಿನ ನೇರ ವಿದ್ಯುತ್ತಾಗಿ ಮಾರ್ಪಡಿಸಿ, ರಿಲೇ, ಸೆನ್ಸರ್, ನಿಯಂತ್ರಕ ಮುಂತಾದ ಉಳಿದೆಲ್ಲ ಉಪಕರಣಗಳಿಗೆ ಉಣಿಸುವುದು ಅದರ ಕೆಲಸ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಪ್ಯಾನೆಲ್ ಕಟ್ಟುವವರ ಬಾಯಲ್ಲಿ ಇದು ಎಸ್‌ಎಂಪಿಎಸ್. ಸ್ವಿಚ್ಡ್ ಮೋಡ್ ಪವರ್ ಸಪ್ಲೈ ಎಂಬುದರ ಮೊದಲಕ್ಷರಗಳು ಕೂಡಿ ಆದ ಈ ಹೆಸರು ಭಾರತದ ಕಾರ್ಖಾನೆಗಳಲ್ಲಿ ಉಪಕರಣದ ಹೆಸರೇ ಆಗಿ ನಿಂತಿದೆ. ಅರ್ಧ ಶತಮಾನದ ಹಿಂದೆ ಇದೇ ಕೆಲಸಕ್ಕೆ ಒಬ್ಬನಿಂದ ಎತ್ತಲು ಕಷ್ಟವಾಗುವಷ್ಟು ಕಬ್ಬಿಣ, ತಾಮ್ರ ಮತ್ತು ಅಲ್ಯೂಮಿನಿಯಂ ಬೇಕಾಗುತ್ತಿತ್ತು. ಈ ಬದಲಾವಣೆಯನ್ನು ಬಿಡಿಭಾಗಗಳು ಕಿರಿದಾದ ಕಥೆಯಾಗಿ ಹೇಳುವುದು ವಾಡಿಕೆಯಾದರೂ, ಅದರ ಚರಿತ್ರೆಯನ್ನು ಸಮೀಪದಿಂದ ನೋಡಿದಾಗ ಕಾಣುವುದು ಬೇರೆ: ಪ್ರತಿ ಹಂತದಲ್ಲೂ ಮೊದಲು ಇಳಿದದ್ದು ವ್ಯರ್ಥವಾಗುವ ಶಾಖ, ಗಾತ್ರ ಇಳಿದದ್ದು ಅದರ ಹಿಂದೆ.

ಈ ಚರಿತ್ರೆಯ ಮೊದಲ ಸೂತ್ರ ಕಬ್ಬಿಣಕ್ಕೂ ಆವೃತ್ತಿಗೂ ಇರುವ ನಂಟಿನಲ್ಲಿದೆ. ವಿದ್ಯುತ್ತಿನ ಒತ್ತಡವನ್ನು ಏರಿಸುವ ಅಥವಾ ಇಳಿಸುವ ಟ್ರಾನ್ಸ್‌ಫಾರ್ಮರ್ ಎಂದರೆ ಕಬ್ಬಿಣದ ತಿರುಳಿನ ಮೇಲೆ ಸುತ್ತಿದ ಎರಡು ತಾಮ್ರದ ಸುರುಳಿಗಳು. ಒಂದು ಸುರುಳಿಯಿಂದ ಇನ್ನೊಂದಕ್ಕೆ ಶಕ್ತಿ ದಾಟುವುದು ತಿರುಳಿನ ಕಾಂತಕ್ಷೇತ್ರದ ಮೂಲಕ. ಸೆಕೆಂಡಿಗೆ ಎಷ್ಟು ಆವರ್ತ ಎಂಬ ಲೆಕ್ಕವೇ ಆವೃತ್ತಿ. ಅದು ಹೆಚ್ಚಿದಷ್ಟೂ ಒಂದೊಂದು ಸರದಿಯಲ್ಲಿ ತಿರುಳು ಹೊರಬೇಕಾದ ಹೊರೆ ಕಡಿಮೆಯಾಗುವುದರಿಂದ, ಅಷ್ಟೇ ಶಕ್ತಿಗೆ ಕಡಿಮೆ ಕಬ್ಬಿಣ ಸಾಕಾಗುತ್ತದೆ. ಮೈಸೂರು ಸಂಸ್ಥಾನವು 1902ರ ಜೂನ್ ತಿಂಗಳಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಕಳುಹಿಸತೊಡಗಿದ ವಿದ್ಯುತ್ತಿನ ಆವೃತ್ತಿ 25. ನಿಧಾನವಾಗಿ ತಿರುಗುವ ಭಾರಿ ಮೋಟಾರುಗಳಿಗೆ ಆ ಕಾಲದಲ್ಲಿ ಒಪ್ಪುತ್ತಿದ್ದ ಈ ಆವೃತ್ತಿಯಲ್ಲಿ ಕೆಲಸ ಮಾಡುವ ಟ್ರಾನ್ಸ್‌ಫಾರ್ಮರಿಗೆ, 50ರ ಆವೃತ್ತಿಯದಕ್ಕೆ ಬೇಕಾಗುವುದಕ್ಕಿಂತ ಹೆಚ್ಚುಕಡಿಮೆ ಇಮ್ಮಡಿ ಕಬ್ಬಿಣ ಬೇಕು. ಮುಂದೆ ತೂಕವೇ ಶತ್ರುವಾದ ವಿಮಾನಗಳಲ್ಲಿ 400 ಹರ್ಟ್ಸ್ ಆವೃತ್ತಿ ರೂಢಿಗೆ ಬಂದದ್ದು ಇದೇ ಕಾರಣದಿಂದ. ಹರ್ಟ್ಸ್ ಎಂದರೆ ಸೆಕೆಂಡಿಗೆ ಒಂದು ಆವರ್ತ. ಆದರೆ ಕಾರ್ಖಾನೆಗೆ ತಂತಿಯಲ್ಲಿ ಬರುವ ಆವೃತ್ತಿಯನ್ನು ಪ್ಯಾನೆಲ್ ಕಟ್ಟುವವನು ಬದಲಿಸಲಾರ. ಬಂದದ್ದನ್ನು ಪೆಟ್ಟಿಗೆಯೊಳಗೇ ಹೊಸದಾಗಿ ಕಡಿದು ಹೆಚ್ಚಿನ ಆವೃತ್ತಿಗೆ ತರುವ ಉಪಾಯ ಹೊಳೆದು, ಅದಕ್ಕೆ ತಕ್ಕ ಸಾಮಗ್ರಿ ಕೈಗೆ ಸಿಗುವವರೆಗೆ ಆತ 50 ಹರ್ಟ್ಸಿನ ಕಬ್ಬಿಣವನ್ನೇ ಹೊರಬೇಕಾಯಿತು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಂದಿನ ಅರ್ಥದ ಪ್ಯಾನೆಲ್ ಇರಲೇ ಇಲ್ಲ. ಸ್ಲೇಟು ಕಲ್ಲಿನ ಅಥವಾ ಅಮೃತಶಿಲೆಯ ಹಲಗೆಗಳ ಮೇಲೆ ಚಾಕುವಿನಂತಹ ತಾಮ್ರದ ಸ್ವಿಚ್ಚುಗಳನ್ನು ಕೂರಿಸಿ, ವಿದ್ಯುತ್ ಹರಿಯುವ ಭಾಗಗಳನ್ನು ತೆರೆದೇ ಬಿಡುವ ರೂಢಿಯಿತ್ತು. ಬಯಲಲ್ಲಿದ್ದ ಆ ಭಾಗಗಳಿಗೆ ಗಾಳಿಯ ಕೊರತೆಯಿರಲಿಲ್ಲ. ಮುಟ್ಟಿದವರ ಪ್ರಾಣಕ್ಕೆ ಮಾತ್ರ ಭರವಸೆಯಿರಲಿಲ್ಲ. ಜರ್ಮನಿಯ ಎಸೆನ್ ನಗರದಲ್ಲಿ ಹ್ಯೂಗೋ ಕ್ನ್ಯೂಮನ್ 1923ರಲ್ಲಿ ಸ್ಥಾಪಿಸಿದ, ಇಂದು ಫೀನಿಕ್ಸ್ ಕಾಂಟ್ಯಾಕ್ಟ್ ಎಂದು ಪ್ರಸಿದ್ಧವಾಗಿರುವ ಸಂಸ್ಥೆಯು, ಅಲ್ಲಿನ ಆರ್‌ಡಬ್ಲ್ಯುಇ ವಿದ್ಯುತ್ ಕಂಪನಿಯೊಡನೆ ಸೇರಿ 1928ರಲ್ಲಿ ಹಳಿಯ ಮೇಲೆ ಸಾಲಾಗಿ ಜೋಡಿಸಬಹುದಾದ ಟರ್ಮಿನಲ್ ಬ್ಲಾಕನ್ನು, ಅಂದರೆ ಎರಡು ತಂತಿಗಳನ್ನು ಸ್ಕ್ರೂ ಬಿಗಿದು ಕೂಡಿಸುವ ಬಿಡಿ ತುಂಡನ್ನು, ರೂಪಿಸಿತು. ಎಷ್ಟು ಬೇಕೋ ಅಷ್ಟು ತುಂಡುಗಳನ್ನು ಹಳಿಗೆ ಏರಿಸುತ್ತ ಹೋಗುವ ಆ ಪದ್ಧತಿಯೇ ಬೆಳೆದು, 35 ಮಿಲಿಮೀಟರ್ ಅಗಲ, ಏಳೂವರೆ ಮಿಲಿಮೀಟರ್ ಆಳದ, ಅಂಚು ಮಡಿಚಿದ ಉಕ್ಕಿನ ಪಟ್ಟಿಯಾಗಿ ಜಗತ್ತಿನಾದ್ಯಂತ ನೆಲೆಗೊಂಡಿತು. ಪ್ಯಾನೆಲ್ ಕಟ್ಟುವವರು ಇದನ್ನು ಡಿನ್ ರೈಲ್ ಎನ್ನುತ್ತಾರೆ. ಡಿನ್ ಎಂಬುದು ಜರ್ಮನಿಯ ಮಾನಕ ಸಂಸ್ಥೆಯ ಹೆಸರಿನ ಸಂಕ್ಷೇಪ. ಈ ಪಟ್ಟಿ ಬಂದ ಮೇಲೆ ಉಪಕರಣವೊಂದರ ಬೆಲೆಯನ್ನು ಹಣದಲ್ಲಷ್ಟೇ ಅಲ್ಲದೆ ಹಳಿಯ ಮೇಲೆ ಅದು ಹಿಡಿಯುವ ಮಿಲಿಮೀಟರುಗಳಲ್ಲೂ ಎಣಿಸುವುದು ಮೊದಲಾಯಿತು. ಪವರ್ ಸಪ್ಲೈ ಕಿರಿದಾಗಬೇಕೆಂಬ ಒತ್ತಾಯ ಹುಟ್ಟಿದ್ದು ಈ ಎಣಿಕೆಯಿಂದ.

ನೇರ ವಿದ್ಯುತ್ತೇ ಏಕೆ, ಅದೂ 24 ವೋಲ್ಟೇ ಏಕೆ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಸೀಸ ಮತ್ತು ಆಮ್ಲದ ಬ್ಯಾಟರಿಯ ಒಂದು ಕೋಶ 2 ವೋಲ್ಟ್ ಕೊಡುತ್ತದೆ. 12 ಕೋಶಗಳು ಸೇರಿದರೆ 24, 24 ಕೋಶಗಳು ಸೇರಿದರೆ ದೂರವಾಣಿ ವಿನಿಮಯ ಕೇಂದ್ರಗಳ 48. ಹಡಗು, ಲಾರಿ, ದೂರವಾಣಿಗಳಿಗಾಗಿ ತಯಾರಾಗುತ್ತಿದ್ದ ರಿಲೇಗಳೂ ದೀಪಗಳೂ ಈ ಅಂಕಿಗಳಿಗೆ ಹೊಂದಿಕೊಂಡಿದ್ದವು. ರಿಲೇ ಎಂದರೆ ಚಿಕ್ಕ ವಿದ್ಯುತ್ತಿನಿಂದ ಕಾಂತವನ್ನು ಎಚ್ಚರಿಸಿ ದೊಡ್ಡ ವಿದ್ಯುತ್ತಿನ ದಾರಿಯನ್ನು ತೆರೆಯುವ ಅಥವಾ ಮುಚ್ಚುವ ಸಾಧನ. ಇದರ ಜೊತೆಗೆ ಸುರಕ್ಷತೆಯ ವಿಚಾರವೂ ಸೇರಿತು. ಮಾನಕಗಳು ಮುಟ್ಟಿದರೂ ಸಾಮಾನ್ಯವಾಗಿ ಅಪಾಯವಿಲ್ಲವೆಂದು ಒಪ್ಪಿರುವ ಮೇಲ್ಮಿತಿ ಪರ್ಯಾಯ ವಿದ್ಯುತ್ತಿಗೆ 50 ವೋಲ್ಟ್, ನೇರ ವಿದ್ಯುತ್ತಿಗೆ 120 ವೋಲ್ಟ್. 24 ವೋಲ್ಟ್ ಎರಡಕ್ಕೂ ಬಹಳ ಕೆಳಗಿದೆ. ಅದಕ್ಕೂ ಇಳಿಸಿ 5 ಅಥವಾ 12 ವೋಲ್ಟಿಗೆ ತಂದರೆ ಉದ್ದನೆಯ ತಂತಿಗಳಲ್ಲಿ ಒತ್ತಡ ಸೋರಿ, ಕಾರ್ಖಾನೆಯ ಮೂಲೆಯ ಸೆನ್ಸರಿಗೆ ತಲುಪುವಷ್ಟರಲ್ಲಿ ಸಾಕಷ್ಟು ಉಳಿಯುವುದಿಲ್ಲ. 1958ರಲ್ಲಿ ಜರ್ಮನಿಯ ಪೆಪರ್ಲ್ ಮತ್ತು ಫುಕ್ಸ್ ಸಂಸ್ಥೆಯು ಲೋಹ ಹತ್ತಿರ ಬಂದುದನ್ನು ಮುಟ್ಟದೆಯೇ ಗುರುತಿಸುವ ಸ್ವಿಚ್ಚನ್ನು ತಯಾರಿಸಿತು. ಅದೇ ವರ್ಷ ಸೀಮೆನ್ಸ್ ತನ್ನ ಟ್ರಾನ್ಸಿಸ್ಟರ್ ಆಧಾರಿತ ನಿಯಂತ್ರಣ ಸಾಧನಗಳಿಗೆ ಸಿಮ್ಯಾಟಿಕ್ ಎಂಬ ಹೆಸರನ್ನು ನೋಂದಾಯಿಸಿತು. ರಿಲೇಯನ್ನು ಪರ್ಯಾಯ ವಿದ್ಯುತ್ತಿನಲ್ಲೂ ನಡೆಸಬಹುದು, ಟ್ರಾನ್ಸಿಸ್ಟರಿಗೆ ಮಾತ್ರ ನೇರ ವಿದ್ಯುತ್ತೇ ಬೇಕು. ಆದಕಾರಣ 110 ವೋಲ್ಟಿನ ಕಂಟ್ರೋಲ್ ಟ್ರಾನ್ಸ್‌ಫಾರ್ಮರೊಂದರಿಂದಲೇ ಸಂಸಾರ ತೂಗಿಸುತ್ತಿದ್ದ ಪ್ಯಾನೆಲ್ಲಿಗೆ ನೇರ ವಿದ್ಯುತ್ತಿನ ಮೂಲವೊಂದು ಅನಿವಾರ್ಯವಾಯಿತು.

ಆ ಮೂಲದ ಮೊದಲ ರೂಪ ಸರಳವಾಗಿತ್ತು. ಟ್ರಾನ್ಸ್‌ಫಾರ್ಮರ್ 230 ವೋಲ್ಟನ್ನು ಇಳಿಸುತ್ತಿತ್ತು, ರೆಕ್ಟಿಫೈಯರ್ ಅದನ್ನು ಒಂದೇ ದಿಕ್ಕಿಗೆ ತಿರುಗಿಸುತ್ತಿತ್ತು, ಕೆಪಾಸಿಟರ್ ಎಂಬ ವಿದ್ಯುತ್ ಸಂಗ್ರಾಹಕ ಅದರ ಅಲೆಗಳನ್ನು ತಗ್ಗಿಸುತ್ತಿತ್ತು. ರೆಕ್ಟಿಫೈಯರಿನಲ್ಲಿ ಮೊದಲು ತಾಮ್ರದ ಆಕ್ಸೈಡು, ಆಮೇಲೆ ಸೆಲೆನಿಯಂ ಲೇಪಿಸಿದ ಚೌಕದ ತಗಡುಗಳ ಸಾಲು, 1950ರ ದಶಕದ ನಂತರ ಸಿಲಿಕಾನ್ ಡಯೋಡು ಬಂದವು. ಸೆಲೆನಿಯಂ ತಗಡುಗಳು ಸುಟ್ಟಾಗ ಹೊರಡುವ ಕೆಟ್ಟ ವಾಸನೆ ಆ ತಲೆಮಾರಿನ ಎಲೆಕ್ಟ್ರೀಷಿಯನ್ನರಿಗೆ ಚಿರಪರಿಚಿತ. ರಿಲೇ ಮತ್ತು ದೀಪಗಳಿಗೆ ಇಷ್ಟು ಸಾಕಾಗುತ್ತಿತ್ತು. ಒತ್ತಡ 20 ಇರಲಿ, 28 ಇರಲಿ, ಅವು ನಡೆಯುತ್ತಿದ್ದವು. ಎಲೆಕ್ಟ್ರಾನಿಕ್ ಉಪಕರಣಗಳಿಗೆ ಒತ್ತಡ ಸ್ಥಿರವಾಗಿರಬೇಕಾದ್ದರಿಂದ ದಾರಿಯಲ್ಲಿ ಒಂದು ಟ್ರಾನ್ಸಿಸ್ಟರನ್ನು ಅಡ್ಡ ನಿಲ್ಲಿಸಿ, ಹೆಚ್ಚಾದ ಒತ್ತಡವನ್ನು ಅದು ತನ್ನ ಮೈಮೇಲೆ ಹೊತ್ತು ಶಾಖವಾಗಿ ಹೊರಹಾಕುವಂತೆ ಮಾಡಲಾಯಿತು. ಲೀನಿಯರ್ ಎಂದು ಕರೆಯಲಾಗುವ ಈ ಬಗೆಯ ಪವರ್ ಸಪ್ಲೈ ನಿಷ್ಠೆಯಿಂದ ದುಡಿಯುತ್ತಿತ್ತು, ಸದ್ದಿಲ್ಲದ ಶುದ್ಧ ವಿದ್ಯುತ್ತನ್ನು ಕೊಡುತ್ತಿತ್ತು. ಪ್ರಯೋಗಾಲಯಗಳಲ್ಲಿ ಅದಕ್ಕೆ ಇಂದಿಗೂ ಗೌರವವಿದೆ.

ಆದರೆ ಅದರ ವೆಚ್ಚವನ್ನು ಒಂದು ಲೆಕ್ಕದಿಂದ ತಿಳಿಯಬಹುದು. 24 ವೋಲ್ಟಿನಲ್ಲಿ 10 ಆಂಪಿಯರ್, ಅಂದರೆ 240 ವ್ಯಾಟ್ ಕೊಡಬೇಕಾದ ಲೀನಿಯರ್ ಪವರ್ ಸಪ್ಲೈಯನ್ನು ಕಾರ್ಖಾನೆಯ ಲೈನು 180ರಿಂದ 260 ವೋಲ್ಟಿನವರೆಗೆ ಏರಿಳಿಯುವ ಜಾಗದಲ್ಲಿ ಇಟ್ಟರೆ, ಲೈನು 180ಕ್ಕೆ ಕುಸಿದಾಗಲೂ ಟ್ರಾನ್ಸಿಸ್ಟರಿನ ಮುಂದೆ ಕನಿಷ್ಠ 27 ವೋಲ್ಟ್ ಇರುವಂತೆ ಟ್ರಾನ್ಸ್‌ಫಾರ್ಮರನ್ನು ಸುತ್ತಬೇಕು. ಲೈನು 260ಕ್ಕೆ ಏರಿದಾಗ ಅದೇ ಜಾಗದಲ್ಲಿ 39 ವೋಲ್ಟ್ ಆಗುತ್ತದೆ. ಉಳಿದ 15 ವೋಲ್ಟನ್ನು 10 ಆಂಪಿಯರಿನೊಡನೆ ಟ್ರಾನ್ಸಿಸ್ಟರ್ ನುಂಗಬೇಕು. 150 ವ್ಯಾಟ್ ಶಾಖ. ಇಷ್ಟು ಶಾಖವನ್ನು ಗಾಳಿಗೆ ಬಿಡಲು ರೆಕ್ಕೆಗಳಿರುವ ಅಲ್ಯೂಮಿನಿಯಂ ಹೀಟ್‌ಸಿಂಕ್ ಬೇಕು, ಅದರ ಸುತ್ತ ಖಾಲಿ ಜಾಗ ಬೇಕು, ಹಲವೆಡೆ ಫ್ಯಾನೂ ಬೇಕು. ಲೀನಿಯರ್ ಪವರ್ ಸಪ್ಲೈಯ ಗಾತ್ರದ ಬಹುಪಾಲು ಕೆಲಸ ಮಾಡುವ ಭಾಗಗಳದ್ದಲ್ಲ, ಕೆಲಸಕ್ಕೆ ಬಾರದ ಶಾಖವನ್ನು ಸಾಗಹಾಕುವ ಭಾಗಗಳದ್ದು. ಲೈನಿನ ಏರಿಳಿತವನ್ನು ಮೊದಲೇ ತಡೆಯಲು ಬಳಸುತ್ತಿದ್ದ ಸಿವಿಟಿ, ಅಂದರೆ ಸ್ಥಿರ ಒತ್ತಡದ ಟ್ರಾನ್ಸ್‌ಫಾರ್ಮರ್, ಅಮೆರಿಕದ ಜೋಸೆಫ್ ಸೋಲಾ 1938ರಲ್ಲಿ ಕಂಡುಹಿಡಿದದ್ದು. ಅದು ಗಟ್ಟಿಮುಟ್ಟಾದ ಉಪಕರಣವೇ ಹೌದು. ಆದರೆ ಭಾರ, ಬಿಸಿ ಮತ್ತು ಎಡೆಬಿಡದ ಗುಂಯ್‌ಗುಡುವಿಕೆ ಅದರ ಹುಟ್ಟುಗುಣಗಳು. ನೆರವಿಗೆ ಬಂದ ಈ ಭಾರವೂ ಮೊದಲಿನ ಭಾರಕ್ಕೆ ಕೂಡಿಕೊಂಡಿತು.

ಬೇರೊಂದು ದಾರಿಯ ಹೊಳಹು ಹಳೆಯದು. 1930ರ ದಶಕದ ಕಾರ್ ರೇಡಿಯೋಗಳಲ್ಲಿ, ಬ್ಯಾಟರಿಯ ನೇರ ವಿದ್ಯುತ್ತನ್ನು ಕಂಪಿಸುವ ಲೋಹದ ನಾಲಿಗೆಯೊಂದು ಸೆಕೆಂಡಿಗೆ ನೂರರ ಆಸುಪಾಸಿನಲ್ಲಿ ಕಡಿದು ಕಡಿದು ಟ್ರಾನ್ಸ್‌ಫಾರ್ಮರಿಗೆ ಕೊಡುತ್ತಿತ್ತು. ಸ್ವಿಚ್ಚಿಂಗ್ ಎಂಬ ತತ್ವದ ಬೀಜ ಅದರಲ್ಲಿದೆ. ಕೆರೆಯ ತೂಬಿನಲ್ಲಿ ನೀರನ್ನು ಅರ್ಧ ತಡೆದು ಹರಿಸುವುದಕ್ಕೂ, ಕೊಳಗದಲ್ಲಿ ತುಂಬ ಅಳೆದು ಮತ್ತೆ ಮತ್ತೆ ಸುರಿಯುವುದಕ್ಕೂ ಇರುವ ವ್ಯತ್ಯಾಸವೇ ಲೀನಿಯರ್ ಮತ್ತು ಸ್ವಿಚ್ಚಿಂಗ್ ಕ್ರಮಗಳ ವ್ಯತ್ಯಾಸ. ಪೂರ್ತಿ ತೆರೆದ ಸ್ವಿಚ್ಚಿನಲ್ಲಿ ಕರೆಂಟು ಹರಿಯುವುದಿಲ್ಲ, ಪೂರ್ತಿ ಮುಚ್ಚಿದ ಸ್ವಿಚ್ಚಿನಲ್ಲಿ ಒತ್ತಡ ಉಳಿಯುವುದಿಲ್ಲ. ಶಾಖ ಎಂಬುದು ಇವೆರಡರ ಗುಣಲಬ್ಧವಾದ್ದರಿಂದ ಎರಡು ಸ್ಥಿತಿಗಳಲ್ಲೂ ಅದು ಸೊನ್ನೆಗೆ ಹತ್ತಿರ. ಉಳಿಯುವುದು ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೊರಳುವ ಆ ಅರೆಗಳಿಗೆಯ ನಷ್ಟ ಮಾತ್ರ. ತತ್ವ ಸುಲಭವಾದರೂ, ಹಾಗೆ ಬೇಗ ಹೊರಳಬಲ್ಲ, ನೂರಾರು ವೋಲ್ಟ್ ತಾಳಬಲ್ಲ ಸ್ವಿಚ್ಚು ದೊರೆಯಲು ಕಾಯಬೇಕಾಯಿತು. 1962ರಲ್ಲಿ ಕಕ್ಷೆಗೇರಿದ ಟೆಲ್‌ಸ್ಟಾರ್ ಉಪಗ್ರಹದಲ್ಲಿ ಸ್ವಿಚ್ಚಿಂಗ್ ಪವರ್ ಸಪ್ಲೈ ಇತ್ತು. ಅಂತರಿಕ್ಷಕ್ಕೆ ಹೋಗುವ ಒಂದೊಂದು ಗ್ರಾಮಿಗೂ ಬೆಲೆಯಿದ್ದ ಕಾರಣ ಅಲ್ಲಿ ಖರ್ಚನ್ನು ಯಾರೂ ಕೇಳಲಿಲ್ಲ. ಹೆಚ್ಚಿನ ಒತ್ತಡ ತಾಳುವ ವೇಗದ ಸಿಲಿಕಾನ್ ಟ್ರಾನ್ಸಿಸ್ಟರುಗಳು 1960ರ ದಶಕದ ಕೊನೆಗೆ ಅಗ್ಗವಾದ ಮೇಲೆ ಈ ವಿದ್ಯೆ ನೆಲಕ್ಕಿಳಿಯಿತು. 1967ರಲ್ಲಿ ಕ್ಯಾಲಿಫೋರ್ನಿಯಾದ ಆರ್‌ಒ ಅಸೋಸಿಯೇಟ್ಸ್ 20 ಕಿಲೋಹರ್ಟ್ಸಿನ, ಅಂದರೆ ಸೆಕೆಂಡಿಗೆ 20,000 ಸಲ ಕಡಿಯುವ ಪವರ್ ಸಪ್ಲೈಯನ್ನು ಮಾರುಕಟ್ಟೆಗೆ ತಂದಿತು. ಮನುಷ್ಯನ ಕಿವಿ ಕೇಳಬಲ್ಲ ಮೇಲಿನ ಎಲ್ಲೆ ಅದೇ. ಅದಕ್ಕಿಂತ ಕೆಳಗೆ ಕಡಿದರೆ ಪೆಟ್ಟಿಗೆ ಕೀರಲು ಸದ್ದು ಮಾಡುತ್ತದೆ.

ಈ ಪೆಟ್ಟಿಗೆಯ ಒಳಗಿನ ಕ್ರಮ ಇಂದಿಗೂ ಬಹುಪಾಲು ಹಾಗೆಯೇ ಇದೆ. ಲೈನಿನಿಂದ ಬಂದ 230 ವೋಲ್ಟನ್ನು ಮೊದಲೇ ನೇರ ವಿದ್ಯುತ್ತಾಗಿ ತಿರುಗಿಸಿ ಸುಮಾರು 325 ವೋಲ್ಟಿನಲ್ಲಿ ಕೆಪಾಸಿಟರಿನೊಳಗೆ ಕೂಡಿಡಲಾಗುತ್ತದೆ. ಟ್ರಾನ್ಸಿಸ್ಟರ್ ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕಡಿಯುತ್ತದೆ. ಹಾಗೆ ಕಡಿದದ್ದು ಅಂಗೈಯಲ್ಲಿ ಹಿಡಿಯುವ ಟ್ರಾನ್ಸ್‌ಫಾರ್ಮರಿನಲ್ಲಿ ಇಳಿದು, ಇನ್ನೊಮ್ಮೆ ನೇರವಾಗಿ, ಸೋಸಿಕೊಂಡು 24 ವೋಲ್ಟಾಗಿ ಹೊರಬರುತ್ತದೆ. ಹೊರಗಿನ ಒತ್ತಡವನ್ನು ಸದಾ ಅಳೆಯುವ ಮಂಡಲವು ಪ್ರತಿ ಸಲ ಸ್ವಿಚ್ಚು ಎಷ್ಟು ಹೊತ್ತು ಮುಚ್ಚಿರಬೇಕೆಂದು ತಿದ್ದುತ್ತಿರುತ್ತದೆ. ಇಷ್ಟು ವೇಗದಲ್ಲಿ ಕಬ್ಬಿಣದ ತಿರುಳು ತಾನೇ ಕಾದು ಕೆಡುವುದರಿಂದ ಅದರ ಜಾಗದಲ್ಲಿ ಫೆರೈಟ್ ಬಂದಿದೆ. ಕಬ್ಬಿಣದ ಆಕ್ಸೈಡಿಗೆ ಬೇರೆ ಲೋಹಗಳ ಆಕ್ಸೈಡುಗಳನ್ನು ಬೆರೆಸಿ ಕುಂಬಾರಿಕೆಯಂತೆ ಸುಟ್ಟು ತೆಗೆಯುವ ಈ ಕಪ್ಪು ಪದಾರ್ಥವನ್ನು 1930ರಲ್ಲಿ ಟೋಕಿಯೋದಲ್ಲಿ ಕಂಡುಹಿಡಿದವರು ಯೊಗೊರೊ ಕಾಟೊ ಮತ್ತು ತಾಕೇಶಿ ತಾಕೇಯಿ. ಅದನ್ನು ತಯಾರಿಸಲೆಂದೇ 1935ರಲ್ಲಿ ಟಿಡಿಕೆ ಕಂಪನಿ ಹುಟ್ಟಿತು. ಆ ಆವಿಷ್ಕಾರ ತನ್ನ ಅತಿದೊಡ್ಡ ಉಪಯೋಗಗಳಲ್ಲೊಂದನ್ನು ಕಂಡದ್ದು ನಾಲ್ಕು ದಶಕಗಳ ಬಳಿಕ. ಇದನ್ನು ನಡೆಸುವ ನಿಯಂತ್ರಣ ಮಂಡಲಕ್ಕೆ ಹತ್ತಾರು ಬಿಡಿಭಾಗಗಳು ಬೇಕಾಗುತ್ತಿದ್ದ ಕಾಲವನ್ನು ಮುಗಿಸಿದ್ದು 1976ರಲ್ಲಿ ಸಿಲಿಕಾನ್ ಜನರಲ್ ಸಂಸ್ಥೆಯ ರಾಬರ್ಟ್ ಮಮ್ಮಾನೊ ವಿನ್ಯಾಸಗೊಳಿಸಿದ ಎಸ್‌ಜಿ 1524 ಎಂಬ ಚಿಪ್. ಅಲ್ಲಿಂದ ಮುಂದೆ ಈ ವಿದ್ಯೆ ಕೆಲವೇ ನಿಪುಣರ ಸೊತ್ತಾಗಿ ಉಳಿಯಲಿಲ್ಲ.

ಇದೇ ಕಾಲಕ್ಕೆ ಪ್ಯಾನೆಲ್ಲಿನ ಉಳಿದ ಭಾಗವೂ ಮಗ್ಗುಲು ಬದಲಿಸಿತು. 1968ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯ ಹೈಡ್ರಮ್ಯಾಟಿಕ್ ವಿಭಾಗವು, ಕಾರಿನ ಮಾದರಿ ಬದಲಾದಾಗಲೆಲ್ಲ ಸಾವಿರಾರು ರಿಲೇಗಳ ತಂತಿಗಳನ್ನು ಬಿಚ್ಚಿ ಕಟ್ಟುವ ಗೋಳನ್ನು ತಪ್ಪಿಸುವ ಸಾಧನವನ್ನು ಕೇಳಿತು. ಡಿಕ್ ಮಾರ್ಲಿ ಮತ್ತು ಸಂಗಡಿಗರು ರೂಪಿಸಿದ ಮೋಡಿಕಾನ್ 084 ಅದಕ್ಕೆ ಉತ್ತರವಾಯಿತು. ಪಿಎಲ್‌ಸಿ ಎಂದು ಹೆಸರಾದ ಈ ನಿಯಂತ್ರಕದಲ್ಲಿ ತಂತಿಯ ಬದಲು ಕ್ರಮವಿಧಿ ಬರೆದರೆ ಸಾಕು. ಅದರ ಮಾನಕವಾದ ಐಇಸಿ 61131ರ ಎರಡನೆಯ ಭಾಗವು 24 ವೋಲ್ಟಿನ ಇನ್‌ಪುಟ್ಟಿನಲ್ಲಿ 15 ವೋಲ್ಟಿಗಿಂತ ಮೇಲಿದ್ದರೆ ಹೌದು, 5 ವೋಲ್ಟಿಗಿಂತ ಕೆಳಗಿದ್ದರೆ ಇಲ್ಲ ಎಂದು ಗೊತ್ತುಮಾಡಿ, ಬ್ಯಾಟರಿಯ ಕಾಲದಿಂದ ಬಂದಿದ್ದ ಅಂಕಿಗೆ ಶಾಶ್ವತ ಸ್ಥಾನ ಕೊಟ್ಟಿತು. ಜರ್ಮನಿಯ ರಿಟಾಲ್ ಕಂಪನಿ 1961ರಿಂದ ಅಳತೆ ನಿಗದಿಯಾದ ಉಕ್ಕಿನ ಬೀರುಗಳನ್ನು ರಾಶಿಯಾಗಿ ತಯಾರಿಸತೊಡಗಿತ್ತು. ರಬ್ಬರಿನ ಅಂಚಿನಿಂದ ಬಿಗಿಯಾಗಿ ಮುಚ್ಚಿಕೊಳ್ಳುವ ಈ ಬೀರು ಧೂಳನ್ನು ಹೊರಗಿಟ್ಟಿತು, ಅದರ ಜೊತೆಗೆ ಶಾಖವನ್ನು ಒಳಗೇ ಇಟ್ಟಿತು. ಸ್ಲೇಟಿನ ಹಲಗೆಯ ಮೇಲೆ ಯಾರಿಗೂ ತೊಂದರೆಯಾಗದೆ ಗಾಳಿಯಲ್ಲಿ ಕರಗಿಹೋಗುತ್ತಿದ್ದ ಶಾಖ ಈಗ ನೆರೆಯವರೆಲ್ಲರ ಸಮಸ್ಯೆಯಾಯಿತು.

ಈ ಸಮಸ್ಯೆಯ ಅಳತೆಯೂ ಲೆಕ್ಕಕ್ಕೆ ಸಿಗುವಂಥದು. ಬಣ್ಣ ಬಳಿದ ಉಕ್ಕಿನ ತಗಡು, ಒಳಗೂ ಹೊರಗೂ ಒಂದು ಡಿಗ್ರಿಯ ಅಂತರವಿದ್ದಾಗ, ತನ್ನ ಪ್ರತಿ ಚದರ ಮೀಟರಿನಿಂದ ಸುಮಾರು ಐದೂವರೆ ವ್ಯಾಟ್ ಶಾಖವನ್ನು ಹೊರಗೆ ಬಿಡುತ್ತದೆಂದು ಪ್ಯಾನೆಲ್ ವಿನ್ಯಾಸಕಾರರು ಹಿಡಿಯುತ್ತಾರೆ. ಶಾಖ ಬಿಡಬಲ್ಲ ಮೈ ಎರಡು ಚದರ ಮೀಟರ್ ಇರುವ ಬೀರುವಿನಲ್ಲಿ ಪ್ರತಿ 11 ವ್ಯಾಟಿಗೂ ಒಳಗಿನ ಗಾಳಿ ಒಂದು ಡಿಗ್ರಿ ಏರುತ್ತದೆ. ಮೇಲೆ ಹೇಳಿದ ಲೀನಿಯರ್ ಪವರ್ ಸಪ್ಲೈಯ 150 ವ್ಯಾಟ್ ಒಂದೇ ಅದನ್ನು ಹತ್ತಿರಹತ್ತಿರ 14 ಡಿಗ್ರಿಯಷ್ಟು ಏರಿಸುತ್ತದೆ. ಬೇಸಗೆಯಲ್ಲಿ ಹೊರಗೇ 40 ಡಿಗ್ರಿ ದಾಟುವ ರಾಯಚೂರು, ಬಳ್ಳಾರಿಯಂತಹ ಊರುಗಳಲ್ಲಿ ಇದರ ಅರ್ಥವೇನೆಂದು ವಿವರಿಸಬೇಕಾಗಿಲ್ಲ. ಅದೇ 240 ವ್ಯಾಟನ್ನು ಶೇ. 80 ದಕ್ಷತೆಯ ಸ್ವಿಚ್ಚಿಂಗ್ ಪವರ್ ಸಪ್ಲೈ ಕೊಟ್ಟರೆ 60 ವ್ಯಾಟ್ ಶಾಖ, ಶೇ. 90 ಇದ್ದರೆ 27, ಶೇ. 95 ಇದ್ದರೆ 13ಕ್ಕಿಂತ ಕಡಿಮೆ. ದಕ್ಷತೆ ಎಂದರೆ ಪಡೆದ ಶಕ್ತಿಯಲ್ಲಿ ಕೆಲಸಕ್ಕೆ ಸಂದ ಪಾಲು. 90ರಿಂದ 95ಕ್ಕೆ ಏರುವುದು ಮಾರಾಟಗಾರನ ಕರಪತ್ರದಲ್ಲಿ ಅಲ್ಪ ಲಾಭವಾಗಿ ಕಂಡರೂ ಶಾಖದ ಕಡೆಯಿಂದ ನೋಡಿದರೆ ಅದು ಅರ್ಧಕ್ಕರ್ಧ ಇಳಿಕೆ. ಈ ಕಸುಬಿನ ಕಳೆದ 30 ವರ್ಷಗಳ ಪೈಪೋಟಿಯೆಲ್ಲ ನಡೆದಿರುವುದು ಆ ಐದು ಅಂಕಿಗಳ ಇಕ್ಕಟ್ಟಿನಲ್ಲಿ. 1980ರಲ್ಲಿ ಮ್ಯೂನಿಕ್‌ನಲ್ಲಿ ಬರ್ನ್‌ಹಾರ್ಡ್ ಎರ್ಡ್ಲ್ ಸ್ಥಾಪಿಸಿದ ಪುಲ್ಸ್ ಕಂಪನಿ ಡಿನ್ ರೈಲಿನ ಪವರ್ ಸಪ್ಲೈಯನ್ನೇ ತನ್ನ ಬದುಕಾಗಿ ಮಾಡಿಕೊಂಡಿತು. 1982ರಲ್ಲಿ ತೈವಾನಿನಲ್ಲಿ ಹುಟ್ಟಿದ ಮೀನ್‌ವೆಲ್ ಅಗ್ಗದ ಬೆಲೆಯಿಂದ ಸಣ್ಣ ಕಾರ್ಖಾನೆಗಳನ್ನು ತಲುಪಿತು.

ಆ ಐದು ಅಂಕಿಗಳನ್ನು ಗೆದ್ದ ಉಪಾಯಗಳಲ್ಲಿ ಎರಡನ್ನು ಹತ್ತಿರದಿಂದ ನೋಡಬಹುದು. ಹೊರಹೋಗುವ ದಾರಿಯಲ್ಲಿ ಕುಳಿತಿದ್ದ ಡಯೋಡು ತನ್ನ ಪಾಲಿಗೆ ಸುಮಾರು 0.7 ವೋಲ್ಟನ್ನು ಇಟ್ಟುಕೊಳ್ಳುತ್ತಿತ್ತು; 10 ಆಂಪಿಯರಿಗೆ ಅದು 7 ವ್ಯಾಟ್. ಡಯೋಡಿನ ಜಾಗದಲ್ಲಿ ಮಾಸ್ಫೆಟ್ ಎಂಬ ಟ್ರಾನ್ಸಿಸ್ಟರನ್ನು ಇಟ್ಟು, ಸರಿಯಾದ ಗಳಿಗೆಗೆ ಅದನ್ನು ತೆರೆದು ಮುಚ್ಚಿದರೆ, ಓಮಿನ ನೂರರಲ್ಲೊಂದು ಪಾಲಿನಷ್ಟು ತಡೆಯಲ್ಲಿ ಅದೇ ಕರೆಂಟಿಗೆ ವ್ಯಯವಾಗುವುದು ಒಂದೇ ವ್ಯಾಟ್. 1970ರ ದಶಕದ ಕೊನೆಯಲ್ಲಿ ಇಂಟರ್‌ನ್ಯಾಷನಲ್ ರೆಕ್ಟಿಫೈಯರ್ ಮುಂತಾದ ಕಂಪನಿಗಳು ಶಕ್ತಿಶಾಲಿ ಮಾಸ್ಫೆಟ್ಟುಗಳನ್ನು ಮಾರಾಟಕ್ಕೆ ತಂದಿದ್ದರೂ, ಅವು ಡಯೋಡಿನ ಕೆಲಸಕ್ಕೂ ನಿಲ್ಲುವಷ್ಟು ಅಗ್ಗವಾಗಲು ವರ್ಷಗಳು ಹಿಡಿದವು. ಎರಡನೆಯದು ಅನುರಣನದ ಉಪಾಯ: ಉಯ್ಯಾಲೆಯನ್ನು ಅದು ತುದಿಯಲ್ಲಿ ನಿಂತ ಕ್ಷಣದಲ್ಲಿ ತಳ್ಳಿದರೆ ಶ್ರಮ ಕಡಿಮೆಯಾಗುವಂತೆ, ಸುರುಳಿ ಮತ್ತು ಕೆಪಾಸಿಟರುಗಳ ನಡುವೆ ವಿದ್ಯುತ್ತನ್ನು ತೂಗಲು ಬಿಟ್ಟು, ಒತ್ತಡ ಸೊನ್ನೆಗೆ ಬಂದ ಕ್ಷಣದಲ್ಲೇ ಸ್ವಿಚ್ಚನ್ನು ಹೊರಳಿಸುವುದು. ಇದರಿಂದ ಹೊರಳುವ ಗಳಿಗೆಯ ನಷ್ಟವೂ ಹೆಚ್ಚುಕಡಿಮೆ ಮಾಯವಾಯಿತು. ಇವೆರಡರ ಫಲವಾಗಿ ಇಂದು 240 ವ್ಯಾಟಿನ ಪವರ್ ಸಪ್ಲೈ ಹಳಿಯ ಮೇಲೆ 40 ಮಿಲಿಮೀಟರಿನಷ್ಟು ಅಗಲದಲ್ಲಿ, ಫ್ಯಾನಿಲ್ಲದೆ, ಶೇ. 95ರ ದಕ್ಷತೆಯಲ್ಲಿ ನಡೆಯುತ್ತದೆ.

ಈ ಸ್ವಿಚ್ಚುಗಳ ಚರಿತ್ರೆಯಲ್ಲಿ ಕನ್ನಡ ನಾಡಿನೊಡನೆ ನೇರ ನಂಟುಳ್ಳ ಒಂದು ಹೆಸರಿದೆ. ಬೆಂಗಳೂರಿನ ಜಾಲಹಳ್ಳಿಯಲ್ಲಿ ಬೆಳೆದು, ಬಿಷಪ್ ಕಾಟನ್ ಶಾಲೆಯಲ್ಲಿ ಓದಿ, ಮದರಾಸಿನ ಐಐಟಿಯಿಂದ 1969ರಲ್ಲಿ ಪದವಿ ಪಡೆದ ಬಿ. ಜಯಂತ್ ಬಾಳಿಗಾ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದಾಗ ಐಜಿಬಿಟಿ ಎಂಬ ಅರೆವಾಹಕ ಸ್ವಿಚ್ಚನ್ನು ರೂಪಿಸಿದರು. ಪ್ಯಾನೆಲ್ಲಿನಲ್ಲಿ ಐಜಿಬಿಟಿ ಇರುವುದು 24 ವೋಲ್ಟಿನ ಡಬ್ಬಿಯಲ್ಲಲ್ಲ, ಅದರ ಕೆಳಗಿನ ಸಾಲಿನಲ್ಲಿ ಮೋಟಾರಿನ ವೇಗವನ್ನು ಆಳುವ ಡ್ರೈವುಗಳಲ್ಲಿ. ಈ ವಿವೇಚನೆಯನ್ನು ಮರೆಸಿ ಎಲ್ಲವನ್ನೂ ಅವರ ಖಾತೆಗೆ ಬರೆಯುವುದು ಸರಿಯಲ್ಲ. ಆದರೆ ಚಿಕ್ಕ ಪವರ್ ಸಪ್ಲೈಯ ಭವಿಷ್ಯಕ್ಕೂ ಅವರ ಕೊಡುಗೆಯಿದೆ. ಯಾವ ಅರೆವಾಹಕ ಪದಾರ್ಥದಿಂದ ಎಷ್ಟು ಕಡಿಮೆ ನಷ್ಟದ ಸ್ವಿಚ್ಚನ್ನು ಮಾಡಬಹುದೆಂದು ಪದಾರ್ಥದ ಗುಣಗಳಿಂದಲೇ ಮೊದಲೇ ಅಳೆಯುವ, ಇಂದು ಬಾಳಿಗಾ ಅಂಕಿಯೆಂದೇ ಹೆಸರಾದ ಸೂತ್ರವನ್ನು ಅವರು ಕೊಟ್ಟರು. ಸಿಲಿಕಾನ್ ಕಾರ್ಬೈಡ್ ಮತ್ತು ಗ್ಯಾಲಿಯಂ ನೈಟ್ರೈಡ್‌ಗಳು ಸಿಲಿಕಾನಿಗಿಂತ ಎಷ್ಟೋ ಮೇಲೆಂದು ಆ ಸೂತ್ರ ತೋರಿಸಿತು. ಇಂದಿನ ಅತಿ ಕಿರಿದಾದ ಪವರ್ ಸಪ್ಲೈಗಳಲ್ಲಿ ಈ ಪದಾರ್ಥಗಳೇ ಸಿಲಿಕಾನಿನ ಜಾಗಕ್ಕೆ ಬರುತ್ತಿವೆ. 2024ರಲ್ಲಿ ಅವರಿಗೆ ಫಿನ್ಲೆಂಡಿನ ಮಿಲೇನಿಯಂ ತಂತ್ರಜ್ಞಾನ ಪ್ರಶಸ್ತಿ ಸಂದಿತು.

ಜಾಲಹಳ್ಳಿಗೆ ಅಂಟಿಕೊಂಡೇ ಪೀಣ್ಯ ಇರುವುದು ಕಾಕತಾಳೀಯವೇನೂ ಅಲ್ಲ. 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಎಂಬ ಸರ್ಕಾರಿ ಕಾರ್ಖಾನೆಗಳು ಜಾಲಹಳ್ಳಿಯಲ್ಲಿ ನೆಲೆಗೊಂಡ ಮೇಲೆ ಅವುಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ಘಟಕಗಳು ಸುತ್ತ ಬೆಳೆದವು, ಪೀಣ್ಯದ ಕೈಗಾರಿಕಾ ಪ್ರದೇಶ ಅವಕ್ಕೆ ಬೀಡಾಯಿತು. ಕರ್ನಾಟಕದಲ್ಲಿ ವಿದ್ಯುತ್ ಕಡಿತವೂ ಒತ್ತಡದ ಏರಿಳಿತವೂ ದಿನಚರಿಯಾಗಿದ್ದ ದಶಕಗಳಲ್ಲಿ ಇಲ್ಲಿನ ಯಂತ್ರಗಳ ಪಕ್ಕದಲ್ಲಿ ಸ್ಟೆಬಿಲೈಸರು, ಸಿವಿಟಿಗಳು ಯಂತ್ರದ ಅಂಗಗಳೆಂಬಂತೆ ಇರುತ್ತಿದ್ದವು. ಯುರೋಪಿನ ಕೊಳ್ಳುಗನು ಸ್ವಿಚ್ಚಿಂಗ್ ಪವರ್ ಸಪ್ಲೈಯನ್ನು ಮೆಚ್ಚಿದ್ದು ಅದು ಜಾಗ ಉಳಿಸುತ್ತದೆಂದು. ಇಲ್ಲಿನ ಮೇಸ್ತ್ರಿಗಳು ಮೆಚ್ಚಿದ್ದು, ಒಂದೇ ಡಬ್ಬಿ 85ರಿಂದ 264 ವೋಲ್ಟಿನವರೆಗೆ ಯಾವ ಲೈನಿಗೆ ಕೊಟ್ಟರೂ 24ನ್ನು ಬಿಡದೆ ಹಿಡಿದು ನಿಲ್ಲುತ್ತದೆಂದು. ಲೈನು ಕಣ್ಣು ಮಿಟುಕಿಸುವುದಕ್ಕಿಂತಲೂ ಕಡಿಮೆ ಹೊತ್ತು ಹೋಗಿ ಬಂದರೆ, ಅಂದರೆ ಸುಮಾರು 20 ಮಿಲಿಸೆಕೆಂಡಿನ ಅವಧಿಗೆ, ಒಳಗಿನ ಕೆಪಾಸಿಟರಿನ ಸಂಗ್ರಹದಿಂದಲೇ ಅದು ಪಿಎಲ್‌ಸಿಯನ್ನು ಉಳಿಸಿಕೊಳ್ಳುತ್ತದೆ. ಇದರ ಸಿದ್ಧಾಂತವನ್ನು ಇಲ್ಲಿಯೇ ಕಲಿಸುವ ಪರಂಪರೆಯೂ ಬೆಳೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ವಿ. ರಾಮನಾರಾಯಣನ್ ಸ್ವಿಚ್ಚಿಂಗ್ ಪರಿವರ್ತಕಗಳ ಬಗ್ಗೆ ಸಿದ್ಧಪಡಿಸಿದ ಪಾಠಗಳು ದೇಶದ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಕೈಯಲ್ಲಿ ಹರಿದಾಡಿವೆ, ಅದೇ ಸಂಸ್ಥೆಯಲ್ಲಿ ಗ್ಯಾಲಿಯಂ ನೈಟ್ರೈಡ್ ಸ್ವಿಚ್ಚುಗಳ ಸಂಶೋಧನೆ ನಡೆಯುತ್ತಿದೆ.

ಈ ಮುನ್ನಡೆಗೆ ತೆತ್ತ ಬೆಲೆಯೂ ಇದೆ. ಸಾವಿರಾರು ಸಲ ಕಡಿಯುವ ಸ್ವಿಚ್ಚು ರೇಡಿಯೋ ಅಲೆಗಳಂತಹ ಗದ್ದಲವನ್ನು ತಂತಿಗೂ ಗಾಳಿಗೂ ಚೆಲ್ಲುತ್ತದೆ. 1996ರಿಂದ ಯುರೋಪಿನಲ್ಲಿ ಅದನ್ನು ತಡೆಯುವ ಶೋಧಕಗಳು ಕಡ್ಡಾಯವಾದಂತೆಯೇ ಆಗಿ, ಉಳಿದ ಜಾಗದಲ್ಲಿ ಒಂದು ಪಾಲು ಅವಕ್ಕೆ ಹೋಯಿತು. ಹಳೆಯ ಲೀನಿಯರ್ ಪವರ್ ಸಪ್ಲೈಯನ್ನು ಊರಿನ ಯಾವ ರೇಡಿಯೋ ಮೆಕ್ಯಾನಿಕ್ಕಾದರೂ ರಿಪೇರಿ ಮಾಡಬಹುದಿತ್ತು. ಹೊಸದು ಕೆಟ್ಟರೆ ಕಿತ್ತು ಬೇರೆಯದನ್ನು ಹಾಕುವುದೇ ರೂಢಿ. ಅದು ಕೆಡುವುದೂ ಬಹುಮಟ್ಟಿಗೆ ಒಂದೇ ಕಾರಣದಿಂದ. ಒಳಗಿನ ಎಲೆಕ್ಟ್ರೊಲೈಟಿಕ್ ಕೆಪಾಸಿಟರಿನಲ್ಲಿ ದ್ರವವೊಂದಿದೆ, ಶಾಖಕ್ಕೆ ಅದು ನಿಧಾನವಾಗಿ ಆರುತ್ತದೆ. ಪ್ರತಿ 10 ಡಿಗ್ರಿ ಏರಿಕೆಗೆ ಅದರ ಆಯುಸ್ಸು ಅರ್ಧವಾಗುತ್ತದೆ. 105 ಡಿಗ್ರಿಯಲ್ಲಿ 5,000 ಗಂಟೆ ಬಾಳುವ ಕೆಪಾಸಿಟರ್ 65 ಡಿಗ್ರಿಯಲ್ಲಿ 80,000 ಗಂಟೆ, ಅಂದರೆ ಒಂಬತ್ತು ವರ್ಷ ಬಾಳಿದರೆ, 75 ಡಿಗ್ರಿಯಲ್ಲಿ ಅದಕ್ಕೆ ಸಿಗುವುದು ಅದರ ಅರ್ಧ. ದಕ್ಷತೆಯಲ್ಲಿ ಉಳಿದ ಒಂದೊಂದು ವ್ಯಾಟೂ ವಿದ್ಯುತ್ ಬಿಲ್ಲಿಗಿಂತ ಹೆಚ್ಚಾಗಿ ಯಂತ್ರದ ಆಯುಸ್ಸಿಗೆ ಜಮೆಯಾಗುತ್ತದೆ. ಡಬ್ಬಿಯ ಮೇಲೂ ಕೆಳಗೂ ಗಾಳಿಗೆ ಜಾಗ ಬಿಡಬೇಕೆಂದು ತಯಾರಕರು ಕೈಪಿಡಿಯಲ್ಲಿ ಬರೆಯುವುದು ಇದಕ್ಕಾಗಿ. ಇಕ್ಕಟ್ಟಿನ ಪ್ಯಾನೆಲ್ಲಿನಲ್ಲಿ ಮೊದಲು ಕೈಬಿಡುವುದೂ ಆ ಜಾಗವನ್ನೇ.

ಹಳೆಯ ಪ್ಯಾನೆಲ್ಲುಗಳು ಕಾರ್ಖಾನೆಯಿಂದ ಹೊರಬಿದ್ದಾಗ ಗುಜರಿಯವರು ಮೊದಲು ಬಿಚ್ಚುವುದು ಟ್ರಾನ್ಸ್‌ಫಾರ್ಮರನ್ನು, ಅದರ ತಾಮ್ರಕ್ಕಾಗಿ. ಸೆಲೆನಿಯಂ ತಗಡಿನ ಸಾಲು, ರೆಕ್ಕೆಗಳ ಹೀಟ್‌ಸಿಂಕು, ಗುಂಯ್‌ಗುಡುತ್ತಿದ್ದ ಸಿವಿಟಿ ಇವೆಲ್ಲ ಹೀಗೆ ಕರಗಿ ಹೋಗಿರುವುದರಿಂದ ಈ ಕಸುಬಿನ ಚರಿತ್ರೆಗೆ ನಾಡಿನಲ್ಲಿ ಉಳಿದಿರುವ ಸಾಕ್ಷ್ಯ ಅತ್ಯಲ್ಪ. ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದಂತಹ ಸಂಸ್ಥೆಗಳು 1960ರ, 1980ರ ಮತ್ತು ಇಂದಿನ ಮೂರು ಪ್ಯಾನೆಲ್ಲುಗಳನ್ನು ಬಾಗಿಲು ತೆರೆದು ಅಕ್ಕಪಕ್ಕ ನಿಲ್ಲಿಸಿದರೆ, ನೋಡುವವರಿಗೆ ಈ ಪ್ರಬಂಧದ ಅಗತ್ಯವೇ ಬೀಳುವುದಿಲ್ಲ. ಹಾಗೆ ನಿಲ್ಲಿಸಬಹುದಾದ ಹಳೆಯ ಪ್ಯಾನೆಲ್ಲು ಯಾರ ಕಾರ್ಖಾನೆಯ ಮೂಲೆಯಲ್ಲಾದರೂ ಉಳಿದಿದ್ದರೆ, ಅದನ್ನು ತೂಕಕ್ಕೆ ಹಾಕುವ ಮೊದಲು ಅಂತಹ ಒಂದು ಸಂಸ್ಥೆಗೆ ತಿಳಿಸಬೇಕು.